ಗಿರಾಕಿಗೆ ತೋರಿಸಲು ಒಯ್ದ ಸ್ಕೂಟರು

ಇವತ್ತು ಮುಂಜಾನೆ ನಮ್ಮ ಮನೆಯಾಕೆ ಜಿನೆಯ ಮೆಟ್ಟಿಲ ಕೆಳಗಿನಿಂದ ಒಂದು ಅರಿವೆಯನ್ನು ಎರಡೇ ಬೆರಳಿನಲ್ಲಿ ಎತ್ತಿಕೊಂಡು ಬಂದು ನನ್ನ ಚಹಾದ ಮುಂದೆ ಹಿಡಿದಳು.

"ಇದು ನಿಮ್ಮ ಸನ್ಮಾನದ ಶಾಲು ಹೌದಿಲ್ಲೋ? ಪೆಟ್ರೋಲ್ ನಾರಾಕತ್ತದ."

ಹೌದು ಅಂದೆ. ಶಾಲು ನನ್ನದೇ, ಪೆಟ್ರೋಲೂ ನನ್ನದೇ. ಸ್ಕೂಟರಿನ ಪೆಟ್ರೋಲ್ ಟಾಕಿ ಒರೆಸಲಿಕ್ಕೆ ಅದರಷ್ಟು ಮೆತ್ತನೆಯ ಅರಿವೆ ಮನೆಯಲ್ಲಿ ಇನ್ನೊಂದಿಲ್ಲ. ಆದರೆ ಪೆಟ್ರೋಲ್ ವಾಹನಗಳನ್ನು ನಿಲ್ಲಿಸಬೇಕೆಂದು ಕಮಲಾಪುರದಲ್ಲಿ ಮುಕ್ಕಾಲು ತಾಸು ಮಾತಾಡಿದ್ದಕ್ಕೆ ನನಗೆ ಹೊದಿಸಿದ ಶಾಲು ಅದು. ಹೀಗಾಗಿ ಆಕೆ ಅದನ್ನು ಒಗೆಯಲಿಕ್ಕೂ ಒಯ್ಯಲಿಲ್ಲ, ಎಸೆಯಲಿಕ್ಕೂ ಒಯ್ಯಲಿಲ್ಲ. ನನ್ನ ಹೆಗಲ ಮೇಲೆ ಹಾಕಿ ಒಳಗೆ ಹೋದಳು. ಎರಡನೆಯ ಸಲ ಸನ್ಮಾನ ಆದಂಗಾತು.

ನಾನು ಕಲಬುರಗಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತಗೊಳ್ಳುವ ಕೆಲಸದವನು. ಭಾಷಣ ನನ್ನ ಉದ್ಯೋಗವಲ್ಲ. ಕರೆದ ಅತಿಥಿ ಬರದೆ ಹೋದಾಗ ಸಂಘಟಕರಿಗೆ ನೆನಪಾಗುವ ಮನುಷ್ಯ ನಾನು, ಅಷ್ಟೇ. ಜೋಳದ ರೊಟ್ಟಿಯ ಮಹತ್ವ, ದುಂಡನೆಯ ಅಕ್ಷರ, ಹೃದಯರೋಗ, ಎಲ್ಲದರ ಮೇಲೂ ಮಾತಾಡಿದ್ದೇನೆ. ಮಾತು ನಮ್ಮ ಆಯಿಯಿಂದ ಬಂದದ್ದು. ಆಕೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕಥೆ ಹಿಡಿದರೆ, ತೊಗರಿ ತೀರುವ ತನಕ ಕಥೆಯೂ ತೀರುತ್ತಿರಲಿಲ್ಲ. ಕೆಲವು ಸಲ ಕಥೆ ಉಳಿಯಿತೆಂದು ಹಸನಾದ ತೊಗರಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಳ್ಳುತ್ತಿದ್ದಳು. ನನ್ನ ಭಾಷಣ ಕೇಳಿದವರಿಗೆ ಇದು ಹೇಳದೆಯೂ ತಿಳಿಯುತ್ತದೆ.

ಈಗ ನಿಮಗೆ ಮಹಾಂತಪ್ಪ ಕಾಕಾ ಅವರ ಪರಿಚಯ ಮಾಡಿಕೊಡಬೇಕು. ನಮ್ಮ ಎದುರು ಮನೆಯವರು. ಆಯುಷ್ಯವೆಲ್ಲ ಗಂಜಿನಲ್ಲಿ, ಅಂದರೆ ಕಾಳುಕಡಿ ಪೇಟೆಯಲ್ಲಿ, ತೊಗರಿ ರಾಶಿಯ ಮುಂದೆ ನಿಂತು ಹರಾಜಿನ ಸವಾಲು ಕೂಗಿದವರು. ಈಗ ದರವೆಲ್ಲ ಕಂಪ್ಯೂಟರಿನಲ್ಲಿ ಬರುತ್ತದಂತೆ. ಅವರ ಕಾಲದಲ್ಲಿ ಬಾಯಲ್ಲಿ ಬರುತ್ತಿತ್ತು. ವ್ಯಾಪಾರಿ ರಾಶಿಯ ಮುಂದೆ ನಿಂತು ಒಂದು ದರ ಅಂದನೆಂದರೆ ಅಂದ. ಮನೆಗೆ ಹೋಗಿ ಯೋಚನೆ ಮಾಡಿದೆ, ಹೆಂಡತಿ ಬೇಡ ಅಂದಳು, ಇವೆಲ್ಲ ಗಂಜಿನಲ್ಲಿ ನಡೆಯುವುದಿಲ್ಲ. ಮಂದಿಯ ಮುಂದೆ ದೊಡ್ಡ ದನಿಯಲ್ಲಿ ಆಡಿದ್ದು ಮುಗಿದ ವ್ಯವಹಾರ. ಕಾಕಾ ನಿವೃತ್ತರಾಗಿ ಮನೆಗೆ ಬಂದಾಗ ಈ ನಿಯಮವನ್ನೂ ಸಂಗಡ ತಂದರು.

ಅವರ ಇನ್ನೊಂದು ಆಸ್ತಿ ಒಂದು ಹಳೆಯ ಕಾರು. ಅದಕ್ಕೆ ಮೊದಲು ಕೆನೆಯ ಬಣ್ಣವಿತ್ತಂತೆ. ತನ್ನಷ್ಟಕ್ಕೆ ತಾನೇ ಚಾಲೂ ಆಗುವ ಅಭ್ಯಾಸ ಆ ಕಾರಿಗೆ ಇರಲಿಲ್ಲ. ಕಾಕಾ ಒಳಗೆ ಕೂತು ಕೈ ಹೊರಗೆ ಚಾಚಿ ಬಾಗಿಲನ್ನು ಎರಡು ಸಲ ಬಡಿದರೆ, ಓಣಿಯ ಮಂದಿ ಕೈಯಲ್ಲಿನ ಕೆಲಸ ಬಿಟ್ಟು ಬಂದು ಧಕ್ಕಾ ಕೊಡುತ್ತಿದ್ದರು. ಮೂಲೆಯಲ್ಲಿ ಕೂಲರ್ ಮಾಡುವ ರಫೀಕ್ ಭಾಯಿ "ಏಕ್, ದೋ" ಎನ್ನುತ್ತಿದ್ದರು. ಮೂರು ಅನ್ನುವಷ್ಟರಲ್ಲಿ ಕಾರು ಕೆಮ್ಮಿ, ನಮ್ಮೆಲ್ಲರ ಮುಖಕ್ಕೆ ಕರಿ ಹೊಗೆ ಬಿಟ್ಟು, ಹೊರಟುಬಿಡುತ್ತಿತ್ತು. ದವಾಖಾನೆಗೆ, ಲಗ್ನಕ್ಕೆ, ರಫೀಕ್ ಭಾಯಿಯ ಮಗಳ ನಿಕಾಹಕ್ಕೆ, ಎಲ್ಲದಕ್ಕೂ ಅದೇ ಕಾರು. ಧಕ್ಕಾ ಕೊಟ್ಟವರಿಗೆಲ್ಲ ಅದರಲ್ಲಿ ಪಾಲಿತ್ತು. ಅದಕ್ಕಿಂತ ಮುಖ್ಯ, ಅದರ ಬಗ್ಗೆ ಅಭಿಪ್ರಾಯವಿತ್ತು. ಒಂದು ಸಲ ಕಾಕಾ ಓಣಿಯನ್ನು ಕೇಳದೆ ಹಿಂದಿನ ಗಾಲಿ ಬದಲಿಸಿದ್ದಕ್ಕೆ ಮೂರು ದಿನ ಮಂದಿ ಮುಖ ಕೊಟ್ಟು ಮಾತಾಡಿರಲಿಲ್ಲ.

ಕಾಕಾ ಅವರ ಹೆಂಡತಿ ನೀಲಮ್ಮ, ನಮಗೆಲ್ಲ ಕಾಕು. ಆಕೆಯ ತವರು ಕಮಲಾಪುರ. ಸಂತೆಯ ದಿನ ಗಂಡ ಹೆಂಡತಿ ಕಾರಿನಲ್ಲಿ ಅಲ್ಲಿಗೆ ಹೋಗಿ, ಕಾಕುವಿನ ತಮ್ಮನ ಮನೆಯಲ್ಲಿ ಉಂಡು, ಕೆಂಪು ಬಾಳೆಹಣ್ಣು ಹಾಕಿಕೊಂಡು ಬರುತ್ತಿದ್ದರು. ಆ ತಮ್ಮ ಅಲ್ಲಿನ ಒಂದು ಸಣ್ಣ ಸಂಘದ ಕಾರ್ಯದರ್ಶಿ. ಮೂರು ವರ್ಷದ ಹಿಂದೆ ಆತ ಒಂದು ಸಭೆ ಇಟ್ಟು ನನ್ನನ್ನು ಭಾಷಣಕ್ಕೆ ಕರೆದ. ವಿಷಯ: "ಪೆಟ್ರೋಲ್ ವಾಹನಗಳನ್ನು ನಿಲ್ಲಿಸುವ ಕುರಿತು ಹಾಗೂ ಇತರ ಸ್ಥಳೀಯ ಸಮಸ್ಯೆಗಳ ಕುರಿತು ಸಾರ್ವಜನಿಕ ಅಭಿಪ್ರಾಯ."

"ಈ ಇತರ ಅನ್ನೂದು ಯಾಕ ಹಾಕೀರಿ?" ಎಂದು ಫೋನಿನಲ್ಲಿ ಕೇಳಿದೆ.

"ಪೆಟ್ರೋಲಿಗೆ ಯಾರು ಬರ್ತಾರ್ರೀ? ಮಂದಿ ಬರೂದೇ ಇತರಕ್ಕ" ಎಂದ.

ಕಾಕಾ ಅವರ ಕಾರಿನಲ್ಲೇ ಹೋದೆವು. ಪೆಟ್ರೋಲ್ ವಿಷಯದ ಭಾಷಣಕ್ಕೆ ಹೊರಟ ಭಾಷಣಕಾರ ತಾನೇ ಧಕ್ಕಾ ಕೊಟ್ಟು ಕಾರು ಚಾಲೂ ಮಾಡಿ, ಮುಖ ಒರೆಸಿಕೊಂಡು ಹತ್ತಿದ. ಅಲ್ಲಿ ಇನ್ನೊಬ್ಬ ಭಾಷಣಕಾರರಿದ್ದರು, ನಂದೂರಿನ ಒಂದು ದಾಲ್ ಮಿಲ್ಲಿನ ಮ್ಯಾನೇಜರು. ಅವರು ಬಂದದ್ದು ಕರೆಂಟಿನ ಸ್ಕೂಟರಿನ ಮೇಲೆ. ಬಂದವರೇ ನಮಸ್ಕಾರಕ್ಕಿಂತ ಮೊದಲು ಪ್ಲಗ್ಗು ಎಲ್ಲಿದೆ ಎಂದು ಕೇಳಿದರು. ಮೈಕಿನ ಪ್ಲಗ್ಗಿನ ಪಕ್ಕದಲ್ಲೇ ಅವರ ಸ್ಕೂಟರಿಗೂ ಜಾಗ ಮಾಡಿದರು.

ಯಾರು ಯಾವ ಪಕ್ಷ ಹಿಡಿಯಬೇಕೆಂದು ನಿರ್ಧಾರವಾಗಿರಲಿಲ್ಲ. ಕಾರ್ಯದರ್ಶಿ ಕಾಕಾ ಅವರ ಜೇಬಿನ ಪೆನ್ನು ಇಸಗೊಂಡು ಎರಡು ಚೀಟಿ ಬರೆದು ಮಡಿಚಿದ. ನನಗೆ "ನಿಲ್ಲಿಸಬೇಕು" ಬಂತು. ಮ್ಯಾನೇಜರಿಗೆ "ನಿಲ್ಲಿಸಬಾರದು" ಬಂತು. ಅವರು ಪೆಟ್ರೋಲಿನ ಪರವಾಗಿ ಬಹಳ ಚೆನ್ನಾಗಿ ಮಾತಾಡಿದರು. ಆ ಹೊತ್ತೆಲ್ಲ ಅವರ ಸ್ಕೂಟರು ಬಾಗಿಲಲ್ಲಿ ಕರೆಂಟು ಕುಡಿಯುತ್ತಿತ್ತು.

ಆಮೇಲೆ ನಾನು ಎದ್ದೆ. ಗಾಳಿಯ ಬಗ್ಗೆ ಹೇಳಿದೆ, ಹೊಗೆಯ ಬಗ್ಗೆ ಹೇಳಿದೆ. ನಮ್ಮ ಮೊಮ್ಮಕ್ಕಳು ನಮ್ಮನ್ನು ಕ್ಷಮಿಸುವುದಿಲ್ಲ ಎಂದೆ. ನನಗೆ ಮೊಮ್ಮಕ್ಕಳಿಲ್ಲ. ಕೊನೆಗೆ ಮೇಜು ಬಡಿದು, "ಇದು ಸರಕಾರದಿಂದ ಅಲ್ಲ, ನಮ್ಮ ನಮ್ಮ ಮನೆಯ ಮುಂದೆ ನಿಂತ ಗಾಡಿಯಿಂದ ಶುರುವಾಗಲಿ" ಎಂದೆ. ಚಪ್ಪಾಳೆ ಬಿತ್ತು. ಎರಡನೆಯ ಸಾಲಿನಲ್ಲಿ ಕೂತಿದ್ದ ಕಾಕಾ ಚಪ್ಪಾಳೆ ಹೊಡೆಯಲಿಲ್ಲ. ಸವಾಲು ಕೇಳುವವರಂತೆ ತಲೆ ಒಂದು ಬದಿಗೆ ವಾಲಿಸಿ ಕೇಳುತ್ತಿದ್ದರು.

ಮುಂದೆ ಸಾರ್ವಜನಿಕ ಅಭಿಪ್ರಾಯ. ಒಬ್ಬ ಬಾಳೆ ಬೆಳೆಗಾರ ಎದ್ದು, ಕರೆಂಟಿನ ಗಾಡಿಗೆ ಹತ್ತು ಗೊನೆ ಹೇರಿದರೆ ಏರು ಹತ್ತುತ್ತದೆಯೇ ಎಂದು ಕೇಳಿದ. ಮ್ಯಾನೇಜರು ತಾವು ಇಲ್ಲಿಯ ತನಕ ತಮ್ಮನ್ನಷ್ಟೇ ಹೇರಿದ್ದಾಗಿ ಹೇಳಿದರು. ಆಮೇಲೆ ಸಂತೆಯಲ್ಲಿ ಪಲ್ಯ ಮಾರುವ ಹೆಣ್ಣುಮಗಳೊಬ್ಬಳು ಎದ್ದಳು.

"ಸಂತ್ಯಾಗ ನಮಗ ಹೆಣ್ಮಕ್ಕಳಿಗೆ ಒಂದು ಪಾಯಖಾನಿ ಇಲ್ರೀ. ಮುಂಜಾನಿಂದ ಸಂಜಿತನಾ ನೀರು ಕುಡೀದೆ ಕುಂದರ್ತೀವಿ. ಹೋದ ಸಭಾದಾಗೂ ಹೇಳೀನಿ, ಅದರ ಹಿಂದಿನ ಸಭಾದಾಗೂ ಹೇಳೀನಿ."

ಕಾರ್ಯದರ್ಶಿ ಬರೆದುಕೊಂಡ. ನಂತರ ಕೈ ಎತ್ತಿಸಿದ. ಪೆಟ್ರೋಲ್ ವಾಹನ ನಿಲ್ಲಬೇಕು ಎಂಬುದಕ್ಕೆ ಬಹುಮತ ಬಂತು. ಎತ್ತಿದವರಲ್ಲಿ ಬಹಳ ಮಂದಿಗೆ ಕಾರಿರಲಿಲ್ಲ. ಎತ್ತದವರಿಗೂ ಇರಲಿಲ್ಲ. ಇಡೀ ಸಭೆಯಲ್ಲಿ ಕಾರಿದ್ದವರು ಒಬ್ಬರೇ, ಮತ್ತು ಅವರು ಕೈ ಎತ್ತಿದ್ದರು. ನಾನು ಅದನ್ನು ಸೌಜನ್ಯ ಎಂದುಕೊಂಡೆ.

ಕಾರ್ಯದರ್ಶಿ ಓದಿ ಹೇಳಿದ: ಪೆಟ್ರೋಲ್ ವಾಹನ, ಅಂಗೀಕಾರ. ಸಂತೆಯ ಶೌಚಾಲಯ, ಪರಿಶೀಲಿಸಲಾಗುವುದು.

"ಅಲ್ರೀ," ಎಂದಳು ಆ ಹೆಣ್ಣುಮಗಳು, "ದೇಶದ ಪೆಟ್ರೋಲ್ ಬಂದ್ ಮಾಡೂದು ನಿಮ್ಮ ಕೈಯಾಗ ಅದ. ಒಂದು ಖೋಲಿ ಕಟ್ಟೂದು ಇಲ್ಲೇನು?"

ಅದಕ್ಕೆ ಉತ್ತರವಾಗಿ ನಮಗೆ ಶಾಲು ಹೊದಿಸಿದರು.

ತಿರುಗಿ ಬರುವಾಗ ಹೊತ್ತು ಮುಳುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕಾಕು, ಆಕೆಯ ಪಕ್ಕ ಬಾಳೆಗೊನೆ. ಕಾಕಾ ಬಹಳ ಸಾವಕಾಶ ನಡೆಸುತ್ತಿದ್ದರು. ದಾರಿಯಲ್ಲಿ ಒಮ್ಮೆ, "ತಮ್ಮಾ, ಮುಂದ ಬರೂದು ಲಾರಿಯೇನು, ಬಸ್ಸೇನು?" ಎಂದು ಕೇಳಿದರು. ಲಾರಿ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಅವರ ಕಾರಿನಲ್ಲಿ ಹೋಗಿ ಅವರ ಕಾರಿನ ವಿರುದ್ಧ ಮಾತಾಡಿದ್ದು ಅವರಿಗೆ ನೋವಾಗಿದೆ, ಅದಕ್ಕೇ ಬೇರೆ ಮಾತು ತೆಗೆಯದೆ ಲಾರಿ ಬಸ್ಸು ಅನ್ನುತ್ತಿದ್ದಾರೆ ಎಂದುಕೊಂಡು ನಾನು ಬಾಳೆಹಣ್ಣು ಸುಲಿದು ತಿಂದೆ. ಕೈ ಒರೆಸಿಕೊಂಡದ್ದು ಶಾಲಿಗೆ.

ಹತ್ತು ದಿನಕ್ಕೆ ಎದುರು ಮನೆಯ ಮುಂದಿನ ಕಾರು ಮಾಯವಾಗಿತ್ತು. ನೆಲದ ಮೇಲೆ ಎಣ್ಣೆಯ ಕಲೆಯೊಂದೇ ಉಳಿದಿತ್ತು. ರಫೀಕ್ ಭಾಯಿಯ ಅಂಗಡಿಯ ಮುಂದೆ ಓಣಿ ಸೇರಿತು. "ಎಷ್ಟ್ ಧಕ್ಕಾ ಕೊಟ್ಟೀವಿ ಕಾಕಾ! ಏಕ್ ಬಾರ್ ಪೂಛನಾ ನೈ ಕ್ಯಾ? ಒಂದ್ ಮಾತು ಕೇಳಬಾರ್ದಾ?" ಎಂದರು ರಫೀಕ್ ಭಾಯಿ. ಅವರ ಕಣ್ಣಲ್ಲಿ ನೀರಿತ್ತು.

ಕಾಕಾ ನನ್ನ ಕಡೆ ಕೈ ತೋರಿಸಿದರು. "ನಮ್ಮ ತಮ್ಮ ಹೇಳ್ಯಾನ. ಮೈಕಿನಾಗ, ಮಂದಿ ಮುಂದ ಹೇಳ್ಯಾನ. ಮನಿ ಮುಂದಿನ ಗಾಡಿಯಿಂದ ಶುರು ಆಗ್ಲಿ ಅಂದ. ನಂದು ಆತು."

ನನ್ನ ಜೀವಮಾನದಲ್ಲಿ ನನ್ನ ಭಾಷಣ ಕೇಳಿ ಯಾರೂ ಏನೂ ಮಾಡಿದ್ದಿಲ್ಲ. ಹೃದಯರೋಗದ ಭಾಷಣದ ನಂತರ ಸಂಘಟಕರು ನಮಗೆ ಮಿರ್ಚಿ ಭಜಿ ತಿನ್ನಿಸಿದ್ದರು. ಅಂಥದರಲ್ಲಿ ಒಬ್ಬ ಮನುಷ್ಯ ಕಾರೇ ಮಾರಿಬಿಟ್ಟಿದ್ದ. ಅದು ಚೀಟಿಯ ಮಾತು ಎಂದು ಅಲ್ಲೇ ಹೇಳಿಬಿಡಬೇಕಾಗಿತ್ತು. ಹೇಳಿದ್ದರೆ, ಗಂಜಿನ ಮನುಷ್ಯನ ಮುಂದೆ ಸುಳ್ಳು ದರ ಕೂಗಿದವನಾಗುತ್ತಿದ್ದೆ.

"ನಿಂದು ಯಾವಾಗ?" ಎಂದು ಕಾಕಾ ಕೇಳಿದರು. ಓಣಿಯೆಲ್ಲ ನನ್ನ ಸ್ಕೂಟರಿನ ಕಡೆ ನೋಡಿತು.

"ಗಿರಾಕಿ ನೋಡಾಕತ್ತೀನಿ ಕಾಕಾ" ಅಂದೆ.

ಗಿರಾಕಿ ಇರಲಿಲ್ಲ. ನಾವು ಬಾಡಿಗೆಗೆ ಇರುವುದು ಮೇಲಿನ ಮನೆಯಲ್ಲಿ. ಕೆಳಗೆ ಪ್ಲಗ್ಗು ಇಲ್ಲ, ಮನೆಯ ಮಾಲಕರು ಹಾಕಿಸಿ ಕೊಡುವುದಿಲ್ಲ, ಕರೆಂಟಿನ ಸ್ಕೂಟರನ್ನು ಹೊತ್ತು ಜಿನೆ ಹತ್ತುವ ಶಕ್ತಿ ನನಗಿಲ್ಲ. ಕಾಲೇಜು ಕುಸನೂರ ದಾರಿಯಲ್ಲಿದೆ, ನಡೆಯುವಷ್ಟು ಹತ್ತಿರವಲ್ಲ. ಹೀಗಾಗಿ ಮರುದಿನದಿಂದ ನಾನು ಸ್ಕೂಟರನ್ನು ಬಂದ್ ಇಟ್ಟುಕೊಂಡೇ ಓಣಿಯ ಮೂಲೆಯ ತನಕ ನೂಕಿಕೊಂಡು ಹೋಗಿ, ರಫೀಕ್ ಭಾಯಿಯ ಕೂಲರುಗಳ ಮರೆಯಲ್ಲಿ ಚಾಲೂ ಮಾಡತೊಡಗಿದೆ. ಕಟ್ಟೆಯ ಮೇಲೆ ಕೂತ ಕಾಕಾ ಕೇಳುತ್ತಿದ್ದರು, "ಎಲ್ಲಿಗೆ ತಮ್ಮಾ?" "ಗಿರಾಕಿಗೆ ತೋರಿಸಾಕ, ಕಾಕಾ." ಸಂಜೆ ನೂಕಿಕೊಂಡು ವಾಪಸು ಬಂದಾಗ, "ಏನಂದ ಗಿರಾಕಿ?" "ನೋಡೂಣು ಅಂದ, ಕಾಕಾ." "ದರ ಇಳಿಸಬ್ಯಾಡ. ತಡೀ" ಎಂದು ಧೈರ್ಯ ಹೇಳುತ್ತಿದ್ದರು.

ಮೂರು ವರ್ಷ, ರವಿವಾರ ಮತ್ತು ಹಬ್ಬದ ರಜೆ ಬಿಟ್ಟು, ನಾನು ದಿನಾ ಸ್ಕೂಟರನ್ನು ಗಿರಾಕಿಗೆ ತೋರಿಸಿ ತಂದಿದ್ದೇನೆ. ಓಣಿಗೆಲ್ಲ ಗೊತ್ತು. ಯಾರೂ ಕಾಕಾ ಅವರ ಮುಂದೆ ಬಾಯಿ ಬಿಟ್ಟಿಲ್ಲ. ಸಾರ್ವಜನಿಕ ಅಭಿಪ್ರಾಯ ಇಷ್ಟು ಒಗ್ಗಟ್ಟಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಸಂಕಟ ಮಾತ್ರ ಕಡಿಮೆಯಾಗಲಿಲ್ಲ. ಸಂತೆಯ ದಿನ ಆ ಇಬ್ಬರು ವಯಸ್ಸಾದವರು ಚೀಲ ಹಿಡಿದು ಕಮಲಾಪುರದ ಬಸ್ಸಿಗೆ ಹೊರಟರೆ ನಾನು ಕಿಟಕಿಯಿಂದ ಹಿಂದೆ ಸರಿಯುತ್ತಿದ್ದೆ. ಒಮ್ಮೆ ಕಾಕುವನ್ನು ಕೇಳಿದೆ, ಬಸ್ಸಿನಲ್ಲಿ ತ್ರಾಸಾಗುತ್ತದೆಯೇ ಎಂದು. "ಏನ್ ತ್ರಾಸಪಾ? ಬಸ್ಸಿನಾಗ ಮಾತಾಡಾಕ ಮಂದಿ ಇರ್ತಾರ. ಕಾರಿನಾಗ ಇವರೊಬ್ಬರೇ ಇರ್ತಿದ್ರು" ಎಂದಳು. ನನ್ನನ್ನು ಸಮಾಧಾನ ಮಾಡಲಿಕ್ಕೆ ಹಾಗಂದಳು ಎಂದುಕೊಂಡೆ.

ಇವತ್ತು ಸಂತೆಯ ದಿನ. ಆ ಶಾಲನ್ನು ಹೆಗಲ ಮೇಲೆ ಹಾಕಿಕೊಂಡೇ ನಾನು ಸ್ಕೂಟರ್ ಹೊರಗೆ ತೆಗೆದೆ. ಓಣಿಯಲ್ಲಿ ನಳದ ಪೈಪಿಗೆಂದು ಅಗೆದು, ಮಣ್ಣು ಹಾಗೇ ಬಿಟ್ಟಿದ್ದಾರೆ. ಗಾಲಿ ಆ ದಿಬ್ಬಕ್ಕೆ ಸಿಕ್ಕಿಬಿತ್ತು. ಎಷ್ಟು ನೂಕಿದರೂ ಏರಲೊಲ್ಲದು. ಬೆವರು ಇಳಿಯುತ್ತಿತ್ತು. ಆಗ ಸ್ಕೂಟರು ಒಮ್ಮೆಲೇ ಹಗುರಾಯಿತು. ತಿರುಗಿ ನೋಡಿದರೆ ಕಾಕಾ ಹಿಂದಿನಿಂದ ಎರಡೂ ಕೈ ಹಚ್ಚಿ ಧಕ್ಕಾ ಕೊಡುತ್ತಿದ್ದರು.

ನನಗೆ ತಡೆಯಲಿಲ್ಲ. "ಕಾಕಾ, ಗಿರಾಕಿ ಯಾರೂ ಇಲ್ಲ. ಅವತ್ತು ನಾ ಮಾತಾಡಿದ್ದೂ ನನ್ನ ಮಾತಲ್ಲ. ಚೀಟ್ಯಾಗ ಬಂದಿದ್ದು."

"ಗೊತ್ತದ. ಆ ಚೀಟಿ ಬರದದ್ದು ನನ್ನ ಪೆನ್ನಿಲೆ. ನಿಮ್ಮ ಕಾಕುನ ತಮ್ಮ ಇನ್ನಾ ವಾಪಸ್ ಕೊಟ್ಟಿಲ್ಲ."

"ಮತ್ತ ಕಾರು ಯಾಕ ಮಾರಿದ್ರಿ?"

ಕಾಕಾ ಕೈಯ ಮಣ್ಣು ಝಾಡಿಸಿದರು. "ಕಣ್ಣು ಹೋಗಾಕತ್ತಿತ್ತು ತಮ್ಮಾ. ಸಂಜಿಮುಂದ ಎದುರಿಗೆ ಬರೂದು ಲಾರಿಯೋ ಬಸ್ಸೋ ತಿಳೀತಿದ್ದಿಲ್ಲ. ಡಾಕ್ಟರ್ ಅಂದ್ರು, ಹೋದದ್ದು ತಿರುಗಿ ಬರಂಗಿಲ್ಲ, ಉಳದದ್ದು ಕಾಯ್ಕೋರಿ. ಓಣ್ಯಾಗ ಹೇಳಿದ್ನೆಂದ್ರ ಮುಗೀತಿತ್ತು. ಒಬ್ಬ ಡ್ರೈವರ್ ಇಡು ಅಂತಿದ್ದ, ಒಬ್ಬ ಬ್ಯಾರೆ ದವಾಖಾನಿ ಅಂತಿದ್ದ, ರಫೀಕ ಅಳತಿದ್ದ. ಮಾರಾಕ ಒಂದು ಛಲೋ ಮಾತು ಬೇಕಾಗಿತ್ತು. ನೀ ಆಡಿದಿ. ಗಾಳಿ ಸಲುವಾಗಿ ಮಾರ್ದೆ ಅಂದ್ರ ಮನಷ್ಯಾಗ ಮರ್ಯಾದಿ ಇರ್ತದ."

ಮುಂದೆ ಬರುವುದು ಲಾರಿಯೇನು ಬಸ್ಸೇನು. ಅವತ್ತು ನಾನು ಬಾಳೆಹಣ್ಣು ತಿನ್ನುತ್ತ ಕೂತಿದ್ದೆ. ಮುಕ್ಕಾಲು ತಾಸು ಮಾತಾಡಿ ಬಂದವನಿಗೆ ಆ ಒಂದು ಪ್ರಶ್ನೆ ಕೇಳಿಸಿರಲಿಲ್ಲ.

"ದಿನಾ ಗಿರಾಕಿ ಏನಂದ ಅಂತ ಕೇಳ್ತಿದ್ರಲ್ಲ, ಕಾಕಾ?"

"ನೀ ದಿನಾ ಹೇಳ್ತಿದ್ದಿ. ಕೇಳಲಿಲ್ಲಂದ್ರ ನಿನಗ ಕೆಟ್ಟನಸೂದಿಲ್ಲೇನು?"

ನನ್ನ ಹೆಗಲ ಮೇಲಿನ ಶಾಲು ಎಳೆದುಕೊಂಡು ಹಿಂದಿನ ಸೀಟಿನ ಧೂಳು ಒರೆಸಿದರು. ಕಾಕು ಆಗಲೇ ಪಕ್ಕದ ಮನೆಯ ಹೆಣ್ಣುಮಕ್ಕಳ ಜೊತೆ ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿದ್ದಳಂತೆ. "ನನ್ನ ಅಲ್ಲಿಗೆ ಬಿಡು. ಚಾಲೂ ಮಾಡು, ಇಲ್ಲೇ" ಎಂದು ನನ್ನ ಹೆಗಲು ಹಿಡಿದು ಹತ್ತಿದರು.

ಮೂರು ವರ್ಷದ ನಂತರ ಮೊದಲ ಸಲ ಓಣಿಯ ನಡುವೆ ಸ್ಕೂಟರ್ ಚಾಲೂ ಮಾಡಿದೆ. ಮಂದಿ ಬಾಗಿಲಿಗೆ ಬಂದರು. ಮೂಲೆಯಲ್ಲಿ ರಫೀಕ್ ಭಾಯಿ ಕೈಯಲ್ಲಿ ತಂತಿ ಕತ್ತರಿಸುವ ಪಕ್ಕಡ ಹಿಡಿದು ಎದ್ದು ನಿಂತು, ಗಾಬರಿಯಲ್ಲಿ ನಮ್ಮಿಬ್ಬರನ್ನೂ ನೋಡಿ, ನನ್ನನ್ನು ಉಳಿಸಲೆಂದೇ ಕೂಗಿದರು.

"ಕ್ಯಾ ಸಾಬ್, ಗಿರಾಕಿ ಸಿಕ್ಕನೇನು?"

ಕಾಕಾ ಗಂಜಿನ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಉತ್ತರ ಕೊಟ್ಟರು.

"ಸಿಕ್ಕಾನ. ಹಿಂದ ಕುಂತಾನ."