ಗುರವ್ವನ ಹುಣಸಿ ಹಿಟ್ಟು, ಅಮೃತಾಳ ಮಷೀನು

ನವಲಗುಂದದ ಅಮೃತಾ ಮಾತಿಗೆ ನಿಂತಳೆಂದರೆ ಬಸ್ಸಿನ ಕಂಡಕ್ಟರೂ ಸೀಟಿ ಊದುವುದನ್ನು ಮರೆಯುತ್ತಾನೆ. ದಿನಾ ಹುಬ್ಬಳ್ಳಿಗೆ ಹೋಗಿ, ಅಲ್ಲಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಪಾಲಿಮರುಗಳ ಅಣುತೂಕ ಅಳೆಯುವುದು ಅವಳ ಕೆಲಸ. ಹಾಗಂದರೇನು ಎಂದು ಯಾರಾದರೂ ಬಾಯಿ ತಪ್ಪಿ ಕೇಳಿದರೋ, ಊರು ಬರುವ ತನಕ ಬಿಡುವವಳಲ್ಲ.

"ಪಾಲಿಮರಂದರ ಉದ್ದನ್ನ ಸರಪಳಿ ಅಂತ ತಿಳೀರಿ. ನೀರಾಗ ಕರಗಿಸಿ, ತೂತಿನ ಮಣಿ ತುಂಬಿದ ಕೊಳವ್ಯಾಗ ಬಿಡತೀವ್ರಿ. ಗಿಡ್ಡ ಸರಪಳಿ ಸಂತಿಗೆ ಹೋದ ನಮ್ಮವ್ವನಂಗ, ಕಂಡ ಕಂಡ ಅಂಗಡಿ ಹೊಕ್ಕು ತಡಾ ಮಾಡಿ ಬರತಾವು. ಉದ್ದನ್ನವು ಆ ತೂತಿನಾಗ ಹಿಡಿಯೂದಿಲ್ಲ, ಸೀದಾ ಬರತಾವು. ಯಾವಾಗ ಬಂತು ಅನ್ನೂದ ನೋಡಿ ತೂಕ ಹೇಳತೀವಿ."

ಆ ಅವ್ವನೇ ಗುರವ್ವ. ನೆರೆಮನೆಯ ಹಸನಬಿಯನ್ನು ಕೂಡಿಕೊಂಡು ಹುಣಸಿ ಬೀಜ ಹುರಿದು, ಸಿಪ್ಪೆ ತೆಗೆದು, ಹಿಟ್ಟು ಮಾಡುತ್ತಾಳೆ. ಆ ಹಿಟ್ಟಿನಲ್ಲಿರುವುದೂ ಪಾಲಿಮರೇ. ಸರಪಳಿ ಉದ್ದವಿದ್ದರೆ ಗಂಜಿ ಗಟ್ಟಿ. ನೂಲಿಗೆ ಗಂಜಿ ಹಾಕುವ ಕಾರ್ಖಾನೆಯವರು, ಅಣುತೂಕದ ವರದಿ ಸರಿ ಬಂದರೆ ಇನ್ನು ಮುಂದೆ ನಿಮ್ಮ ಹಿಟ್ಟೇ ಎಂದಿದ್ದರು. "ನಮ್ಮವ್ವನ ಹಿಟ್ಟು ಪಾಸಾಗಲಿಲ್ಲಂದ್ರ ನನ್ನ ಹೆಸರ ಬದಲ ಮಾಡ್ರಿ" ಎಂದು ಅಮೃತಾ ಓಣಿಯ ತುಂಬ ಜಂಬ ಕೊಚ್ಚಿದ್ದಳು.

ಪರೀಕ್ಷೆಯ ದಿನ, ಸರಪಳಿ ಹೊರಬಂದೊಡನೆ ಏಳಬೇಕಾದ ಪರದೆಯ ಮೇಲಿನ ಗೆರೆ ಮಲಗಿದ್ದು ಏಳಲೊಲ್ಲದು. ಎದ್ದಾಗ ಅಗದಿ ತಡವಾಗಿತ್ತು. ತೂಕ ಗೊತ್ತಿದ್ದ ಮಾದರಿಯೊಂದನ್ನು ಓಡಿಸಿ ನೋಡಿದಳು. ಮಷೀನು ಸರಿಯಾಗಿಯೇ ಇತ್ತು. ಅವ್ವನ ಸರಪಳಿಗಳೇ ತುಂಡಾಗಿದ್ದವು. ಹುಡುಗಿಗೆ ಅಳುವೇ ಬಂತು.

"ನನ್ನ ಹಿಟ್ಟಿಗೆ ಹೆಸರಿಡತೈತೇನ ನಿನ್ನ ಮಷೀನು? ಅದರ ಕೊಳವೀನ ಕಟ್ಟಿಕೊಂಡಿರಬೇಕು, ನೋಡ ಹೋಗ!" ಎಂದು ಮನೆಯಲ್ಲಿ ಸುದ್ದಿ ಕೇಳಿದ ಗುರವ್ವ ರೇಗಿದಳು.

ಅಮೃತಾ ಹಟ ಬಿಡಲಿಲ್ಲ. ರವಿವಾರ ಒಲೆಯ ಮುಂದೆಯೇ ಕುಳಿತಳು. ಗುರವ್ವ ಬೀಜ ಹುರಿದು, ಒಂದನ್ನು ಹಲ್ಲಿಗೆ ಕೊಟ್ಟು, "ಇನ್ನೂ ಹಸೀ ಐತಿ" ಎಂದು ಮತ್ತೆ ಹುರಿದಳು. ಘಮ್ಮೆಂದು ವಾಸನೆ ಎದ್ದು, ಬೀಜ ಬಾಯಲ್ಲಿ ಕಟುಂ ಎಂದ ಮೇಲೆಯೇ ಇಳಿಸಿದಳು. ಅವಳು ಹುರಿದ ಬೀಜದ ರುಚಿಗೆ ಓಣಿಯೇ ಬಾಯಿ ಬಿಡುತ್ತಿತ್ತಲ್ಲ! ಅಮೃತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯವ್ವಾ, ತಿನ್ನಾಕ ಹುರದಂಗ ಹುರೀತೀಯಲ್ಲ ಬೇ! ಸಿಪ್ಪಿ ಬಿಡೂವಷ್ಟು ಹುರದರ ಸಾಕು. ಇಷ್ಟು ಕಾಸಿದರ ಸರಪಳಿ ಕಡೀತಾವು."

"ಹಸೀ ಹಿಟ್ಟು ಕೊಟ್ಟರ ಮಂದಿ ಏನಂದಾರು?"

"ನೂಲೇನು ರುಚಿ ನೋಡತೈತೇನ ಬೇ?"

ಹಸನಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗುರವ್ವನ ಮುಖ ಊದಿತು. ಆದರೂ ಮುಂದಿನ ಬೀಜವನ್ನು ಸಿಪ್ಪೆ ಬಿರಿಯುತ್ತಲೇ ಇಳಿಸಿದಳು, ಹಲ್ಲಿಗೆ ಕೊಡದೆ. ಅದೆಷ್ಟು ಸಂಕಟವಾಯಿತೋ ಆ ಜೀವಕ್ಕೆ!

ಎರಡನೆಯ ಪರೀಕ್ಷೆಗೆ ಗುರವ್ವ ಇಸ್ತ್ರಿ ಸೀರೆ ಉಟ್ಟು ತಾನೇ ಬಂದು ಪರದೆಯ ಮುಂದೆ ಕುಳಿತಳು. ಗೆರೆ ತಟ್ಟನೆ ಎದ್ದಿತು.

"ಸೀದಾ ಬಂತು ಬೇ! ಒಂದಂಗಡೀನೂ ಹೊಕ್ಕಿಲ್ಲ!" ಎಂದು ಅಮೃತಾ ಅವ್ವನನ್ನು ತಬ್ಬಿಕೊಂಡಳು. ಖುಷಿಗೆ ಇಬ್ಬರ ಕಣ್ಣೂ ತುಂಬಿದವು.

ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಗುರವ್ವ ಸೆರಗಿನ ಗಂಟು ಬಿಚ್ಚಿದಳು. ಕಪ್ಪಗೆ, ಹದವಾಗಿ ಹುರಿದ ಬೀಜಗಳು.

"ಇವು ನಿನಗ. ಆ ಮಷೀನಿಗೆ ರುಚಿ ತಿಳಿಯೂದಿಲ್ಲ, ಪಾಪ."