ಬಲಗಾಲು ಕೋಟೆಯಲ್ಲಿ, ಎಡಗಾಲು ಅರಮನೆಯಲ್ಲಿ

ನಮ್ಮ ಮನೆಯ ಹೊಸ್ತಿಲು ತೇಗದ್ದು, ಅಂಗೈ ಅಗಲದಷ್ಟು ಎತ್ತರದ್ದು. ಶುಕ್ರವಾರ ಶುಕ್ರವಾರ ಅರಿಶಿನ ಬಳಿಸಿಕೊಂಡು ಅದು ತಾನೊಂದು ಮರವೆಂಬುದನ್ನೇ ಮರೆತಿದೆ. ಅದರ ಮೇಲೆ ಕೂರುವಂತಿಲ್ಲ, ಕಾಲಿಡುವಂತಿಲ್ಲ, ಆಚೆ ನಿಂತವರಿಂದ ಈಚೆ ನಿಂತು ಏನನ್ನೂ ತೆಗೆದುಕೊಳ್ಳುವಂತಿಲ್ಲ. ಕೊರಿಯರ್ ತಂದವನೂ ಒಂದು ಕಾಲನ್ನು ಒಳಗಿಟ್ಟೇ ಪೊಟ್ಟಣ ಕೊಡಬೇಕು. ಈ ಕಾನೂನುಗಳನ್ನೆಲ್ಲ ಮಾಡಿದವರು ನಮ್ಮ ಅತ್ತೆ, ಅಂದರೆ ನಮ್ಮ ಯಜಮಾನರ ತಾಯಿ. ಅನ್ನಪೂರ್ಣೇಶ್ವರಿ ನಗರದಲ್ಲಿ ಈ ಮನೆ ಕಟ್ಟಿಸುವಾಗ ಅಡುಗೆಮನೆ ಎಲ್ಲಿರಬೇಕು, ಕಿಟಕಿ ಯಾವ ಕಡೆಗಿರಬೇಕು ಎಂದು ನಾವು ತಲೆ ಕೆಡಿಸಿಕೊಂಡಿದ್ದರೆ ಅವರು ಹೇಳಿದ್ದು ಒಂದೇ ಮಾತು: "ನಿಮಗೆ ಹೆಂಗೆ ಬೇಕೋ ಹಂಗೆ ಕಟ್ಕೊಳ್ಳಿ. ಹೊಸ್ಲು ಮಾತ್ರ ನಾನು ಹೇಳ್ದಂಗೆ ಆಗ್ಬೇಕು." ಹಾಗೆಯೇ ಆಯಿತು.

ನಿಮ್ಮ ಹತ್ತಿರ ಹೇಳಿಕೊಳ್ಳದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ, ನನಗೂ ಆ ಹೊಸ್ತಿಲಿಗೂ ಕಳೆದ ವರ್ಷದಿಂದ ಜಗಳ. ಅತ್ತೆಯ ಎಡ ಮಂಡಿಗೆ ಆಪರೇಷನ್ ಆಯಿತು. ಹೊಸ ಮಂಡಿಯ ಹಿಂದೆಯೇ ಹೊಸ ಭಯವೂ ಬಂತು. ಕೋಲು ಬಿಟ್ಟು ನಡೆಯುವುದನ್ನು ಕಲಿತರಾದರೂ ಹೊಸ್ತಿಲ ಮುಂದೆ ಬಂದಾಗ ಆ ಎಡಗಾಲು ಅವರ ಮಾತು ಕೇಳುತ್ತಿರಲಿಲ್ಲ. ಒಮ್ಮೆ ಬೆರಳು ತಗುಲಿ ಮುಗ್ಗರಿಸಿ, ಬಾಗಿಲ ಪರದೆ ಕೈಗೆ ಸಿಕ್ಕಿದ್ದರಿಂದ ಬಚಾವಾದರು, ಪರದೆ ಬಚಾವಾಗಲಿಲ್ಲ. ಹೊಸ್ತಿಲು ತೆಗೆಸಿ ನೆಲ ಸಮ ಮಾಡಿಸಿಬಿಡಿ ಎಂದರು ಡಾಕ್ಟರು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಮಂಡಿ ಬೇಕೋ ಮರದ ತುಂಡು ಬೇಕೋ ಎಂದು ಕೇಳಿದರೆ ನನಗೆ ಎರಡು ಉತ್ತರ ಹೊಳೆಯುವುದಿಲ್ಲ. ಅತ್ತೆ ಮಾತ್ರ ಪಟ್ಟು ಸಡಿಲಿಸಲಿಲ್ಲ. ಹೊಸ್ತಿಲಿಲ್ಲದ ಮನೆಗೂ ಬಸ್ ಸ್ಟ್ಯಾಂಡಿಗೂ ಏನು ವ್ಯತ್ಯಾಸ ಎಂದು ಕೇಳಿದರು. ಕೊನೆಗೆ ನಾನೇ ಆಚಾರಿಗೆ ಫೋನ್ ಮಾಡಿ, ಸೋಮವಾರ ಉಳಿ ಸುತ್ತಿಗೆ ಹಿಡಿದು ಬಾ ಎಂದೆ. ಅಲ್ಲಿಂದ ಅತ್ತೆ ಮಾಡಿಕೊಟ್ಟ ಕಾಫಿಗೆ ಸಕ್ಕರೆ ಬೀಳುವುದು ನಿಂತುಹೋಯಿತು.

ಇಂಥ ಹೊತ್ತಿನಲ್ಲಿ ಎದುರುಮನೆಯ ಲಲಿತಮ್ಮ ಒಂದು ಸುದ್ದಿ ಹೊತ್ತುಕೊಂಡು ಬಂದರು. ಟಿವಿ ಧಾರಾವಾಹಿಗಳ ಶೂಟಿಂಗ್ ನಡೆಯುವ ಕೋಟೆ ಅರಮನೆಗಳನ್ನೆಲ್ಲ ಒಂದೇ ದಿನದಲ್ಲಿ ತೋರಿಸಿಕೊಂಡು ಬರುವ ಟೂರ್ ಇದೆಯಂತೆ, ಜೊತೆಗೆ ಗೈಡ್ ಇರುತ್ತಾಳಂತೆ, ಊಟವೂ ಅವರದೇ ಅಂತೆ. ಅತ್ತೆ ದಿನಾ ಸಂಜೆ ನೋಡುವ ರಾಣಿಯ ಕೋಟೆಯೂ ಅದರಲ್ಲಿ ಸೇರಿದೆಯಂತೆ. ಆ ರಾಣಿಯನ್ನು ನಿಮಗೆ ಪರಿಚಯಿಸಬೇಕು. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡು, ಹೆಜ್ಜೆಹೆಜ್ಜೆಗೂ ಕಿರುಕುಳ ಕೊಡುವ ಮೈದುನರನ್ನು ಸಂಭಾಳಿಸಿಕೊಂಡು ಸಂಸ್ಥಾನ ನಡೆಸುವ ಹೆಂಗಸು. ದಿನಕ್ಕೊಮ್ಮೆಯಾದರೂ ಅವಳು ಕೋಟೆಯ ಹೆಬ್ಬಾಗಿಲಲ್ಲಿ ಬಲಗಾಲೆತ್ತಿ ಹೊಸ್ತಿಲು ದಾಟಿ, ಸಾಲುಕಂಬಗಳ ದರ್ಬಾರು ಹಜಾರಕ್ಕೆ ಬರಲೇಬೇಕು. ಬಂದಾಗಲೆಲ್ಲ ಹಿನ್ನೆಲೆಯಲ್ಲಿ ಗಂಟೆ ಬಾರಿಸಲೇಬೇಕು. ಆಪರೇಷನ್ ಆದ ಮೇಲೆ ಅತ್ತೆ ನಡಿಗೆ ಕಲಿತದ್ದೇ ಅವಳ ಜೊತೆಯಲ್ಲಿ. ಅಲ್ಲಿ ಗಂಟೆ ಬಾರಿಸಿದ ಕೂಡಲೇ ಇಲ್ಲಿ ಇವರು ಸೋಫಾದಿಂದೆದ್ದು ಟಿವಿಯವರೆಗೆ ಹೆಜ್ಜೆ ಹಾಕುತ್ತಿದ್ದರು.

"ಆ ಬಾಗ್ಲು ನಾನು ದಾಟಿ ತೋರಿಸ್ತೀನಿ," ಎಂದರು ಅತ್ತೆ. "ಯಾರೂ ನನ್ನ ಹಿಡೀಬಾರ್ದು. ದಾಟಿದ್ರೆ ನಮ್ಮ ಹೊಸ್ಲಿನ ಸುದ್ದಿಗೆ ಬರ್ಬಾರ್ದು."

"ದಾಟಕ್ಕಾಗ್ಲಿಲ್ಲ ಅಂದ್ರೆ ಅತ್ತೆ?"

"ಆಚಾರಿ ಬರ್ಲಿ. ನಾನು ತುಟಿ ಪಿಟಕ್ ಅನ್ನಲ್ಲ."

ನಮ್ಮ ಷರತ್ತು ಇಷ್ಟೇ. ಲಲಿತಮ್ಮನೇ ಸಾಕ್ಷಿ.

ಭಾನುವಾರ ಬೆಳಗ್ಗೆ ಬಸ್ಸು ನಮ್ಮ ಬೀದಿಗೆ ಬರುವ ಹೊತ್ತಿಗೆ ರಾಜಾಜಿನಗರದ ಹೆಂಗಸರಿಂದ ಅರ್ಧ ತುಂಬಿತ್ತು. ರೇಷ್ಮೆ ಸೀರೆಗಳೇನು, ಮಲ್ಲಿಗೆ ದಂಡೆಗಳೇನು, ಸಾಕ್ಷಾತ್ ರಾಣಿಯೇ ಅರಿಶಿನ ಕುಂಕುಮಕ್ಕೆ ಕರೆದಿದ್ದಾಳೆ ಎನ್ನಬೇಕು. ಅಕಸ್ಮಾತ್ ಅವಳು ಸಿಕ್ಕರೆ ಕೊಡೋಣವೆಂದು ಲಲಿತಮ್ಮ ಒಂದು ಡಬ್ಬಿ ಚಕ್ಕುಲಿ ತಂದಿದ್ದರು. ಗೈಡ್ ಕಾವ್ಯ ವಿಜಯನಗರ ಬಡಾವಣೆಯ ಹುಡುಗಿ. ಮೈಕು ಹಿಡಿದು, ಯಾವ ಕಲ್ಲಿನ ಮೇಲೆ ಯಾವ ಮಂತ್ರಿ ಸತ್ತು ಬಿದ್ದ ಎಂಬುದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದಳು. ಮಾಗಡಿ ರಸ್ತೆಯ ಗಲಾಟೆ ಮುಗಿದು ಹೊಲಗಳು ಕಾಣಿಸಿಕೊಂಡಾಗ ಬಸ್ಸಿಗೆ ಬಸ್ಸೇ ಹಾಡಿಗೆ ತೊಡಗಿತು. ಧಾರಾವಾಹಿಯೆಂದರೆ ಮೂಗು ಮುರಿಯುವ ನನಗೂ, ಸುಳ್ಳೇಕೆ ಹೇಳಲಿ, ಖುಷಿ ತಡೆಯಲಾಗುತ್ತಿರಲಿಲ್ಲ. ಅತ್ತೆಗೆ ಮಾತ್ರ ಹಾಡಿನ ಕಡೆ ಗಮನವಿರಲಿಲ್ಲ. ಸೀರೆಯ ಕೆಳಗೆ ಎಡ ಪಾದವನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಪರೀಕ್ಷೆಯ ದಿನದ ಮಕ್ಕಳು ಮಗ್ಗಿ ಹೇಳಿಕೊಂಡಂತೆ ಅಭ್ಯಾಸ ನಡೆಸಿದ್ದರು.

ಕೋಟೆ ಇರುವ ಊರಿನ ಹೆಸರು ಹೇಳುವುದಿಲ್ಲ. ನಮ್ಮ ಕೋಟೆಯೊಳಗೆ ಏನೂ ಇಲ್ಲವೆಂದು ಬರೆದಳಲ್ಲ ಎಂದು ಅಲ್ಲಿನವರು ಬೇಸರ ಮಾಡಿಕೊಂಡಾರು. ಆದರೆ ಆ ಹೆಬ್ಬಾಗಿಲು ಕಣ್ಣಿಗೆ ಬಿದ್ದಾಗಿನ ಸಂಭ್ರಮವನ್ನು ಮಾತ್ರ ನೀವು ನೋಡಬೇಕಿತ್ತು. ಇಷ್ಟು ದಿನ ಅಂಗೈಯಗಲದ ಫೋನಿನಲ್ಲೋ ಗೋಡೆಯ ಮೇಲಿನ ಟಿವಿಯಲ್ಲೋ ಇದ್ದ ಬಾಗಿಲು ಆಕಾಶಕ್ಕೆ ತಲೆಯೆತ್ತಿ ನಿಂತಿತ್ತು. ಅದೇ ಮೊಳೆಗಳ ಸಾಲು, ಅದೇ ಕಲ್ಲಿನ ಸಿಂಹ, ಬಾಗಿಲೆಳೆಯುವ ಅದೇ ಕಬ್ಬಿಣದ ಬಳೆ. ರಾಜಾಜಿನಗರದವರೊಬ್ಬರು ಹೋಗಿ ಬಾಗಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಲಲಿತಮ್ಮನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ನಾನು ಮಾತ್ರ ಹೊಸ್ತಿಲನ್ನು ನೋಡುತ್ತಿದ್ದೆ. ಅದು ಕಲ್ಲಿನ ಹೊಸ್ತಿಲು, ನಮ್ಮ ಮನೆಯದರ ಮುತ್ತಜ್ಜಿ. ಎಷ್ಟೋ ತಲೆಮಾರುಗಳ ಕಾಲು ಬಿದ್ದು ನಡುವೆ ಸವೆದಿದ್ದರೂ ಮೊಣಕಾಲಿನ ಹತ್ತಿರಕ್ಕೆ ಬರುತ್ತಿತ್ತು.

"ಅಮ್ಮ, ಅದ್ರ ಮೇಲೇ ಒಂದು ಕಾಲಿಟ್ಟು ಇಳೀರಿ," ಎಂದಳು ಕಾವ್ಯ.

"ಹೊಸ್ಲು ತುಳೀತಾರೇನಮ್ಮ?" ಎಂದರು ಅತ್ತೆ, ಸೆರಗು ಸಿಕ್ಕಿಸಿಕೊಳ್ಳುತ್ತ.

ಎಲ್ಲರೂ ಜಾಗ ಬಿಟ್ಟು ನಿಂತರು. ಅತ್ತೆ ಬಲಗಾಲೆತ್ತಿದರು, ದಾಟಿಸಿದರು, ಆಚೆಯ ನೆಲಕ್ಕೆ ಊರಿದರು. ಹೆಂಗಸರು ಚಪ್ಪಾಳೆ ತಟ್ಟಿದರು. ಒಬ್ಬರಂತೂ ಬಾಯಲ್ಲೇ ಗಂಟೆ ಬಾರಿಸಿದರು. ಈಗ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಎಡಗಾಲು ಬರಬೇಕು. ಅದು ಬರಲಿಲ್ಲ. ಅತ್ತೆ ಹಾಗೇ ನಿಂತು ಒಳಗೆ ಕಣ್ಣು ಹಾಯಿಸಿದರು. ಕಂಬಗಳ ಹಜಾರವಿರಬೇಕಾದ ಕಡೆ ಒಣಹುಲ್ಲಿನ ಬಯಲು, ನಾಲ್ಕಾರು ಮೇಕೆ, ಅದರಾಚೆ ಬರೀ ಆಕಾಶ.

"ದರ್ಬಾರೆಲ್ಲಮ್ಮ?"

ಕಾವ್ಯ ನಕ್ಕಳು. "ಅದು ಇಲ್ಲಿಲ್ಲ ಅಮ್ಮ. ಬಾಗ್ಲು ಮಾತ್ರ ಈ ಊರಿಂದು. ಒಳಗಿನ ಹಜಾರ ಬೇರೆ ಊರಿನ ಅರಮನೇಲಿದೆ, ಮಧ್ಯಾಹ್ನ ಅಲ್ಲಿಗೇ ಹೋಗೋದು."

"ಹಂಗಾದ್ರೆ ಆ ರಾಣಿ ಒಂದು ಕಾಲು ಇಲ್ಲಿಟ್ಟು ಇನ್ನೊಂದು ಕಾಲು ಅಲ್ಲಿಡ್ತಾಳೆ ಅನ್ನು."

"ಹೌದಮ್ಮ. ಆಮೇಲೆ ಎಡಿಟಿಂಗಲ್ಲಿ ಎರಡನ್ನೂ ಸೇರಿಸ್ಬಿಡ್ತಾರೆ."

ಅತ್ತೆ ಬಲಗಾಲನ್ನು ಹಿಂದಕ್ಕೆ ತೆಗೆದುಕೊಂಡರು. "ಸರಿ ಬಿಡು. ನಾನೂ ಹಂಗೇ ಮಾಡ್ತೀನಿ. ಈ ಕಾಲಿಂದು ಇಲ್ಲಿ ಆಯ್ತು. ಆ ಕಾಲಿಂದು ಅಲ್ಲಿ."

ಬಯಲೆಲ್ಲ ನಗೆಯಿಂದ ತುಂಬಿತು. ಮೇಕೆಗಳು ಬೆದರಿ ದೂರ ಸರಿದವು. ಎಂಥ ಗಟ್ಟಿಗಿತ್ತಿ ನಿಮ್ಮತ್ತೆ ಎಂದು ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನೂ ನಕ್ಕೆ. ಆದರೆ ನಾನೊಂದನ್ನು ನೋಡಿದ್ದೆ: ಅಷ್ಟು ಹೊತ್ತೂ ಅತ್ತೆಯ ಬಲಗೈ ಆ ಕಬ್ಬಿಣದ ಬಳೆಯನ್ನು, ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿತ್ತು.

ಗೆದ್ದವರು ಯಾರು ಎಂದು ನನ್ನೊಳಗಿನ ಗಣಿತದ ಮೇಡಂ ಬಸ್ಸಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದಾಗ, ಅತ್ತೆ ಮುಂದಿನ ಸೀಟಿನ ಕಾವ್ಯಳಿಗೆ ತಮ್ಮ ಕಥೆ ಹೇಳುತ್ತಿದ್ದರು. "ನಾನೂ ನಿಮ್ಮ ರಾಣಿ ಥರಾನೇ ಕಣಮ್ಮ. ಮದ್ವೆ ಆಗಿ ಬಲಗಾಲಿಟ್ಟಿದ್ದು ಕಾಮಾಕ್ಷಿಪಾಳ್ಯದ ವಠಾರದಲ್ಲಿ. ಇನ್ನೂ ಪಾತ್ರೆ ಜೋಡಿಸಿರ್ಲಿಲ್ಲ, ಖಾಲಿ ಮಾಡಿ ಅಂದ್ರು. ಹಾಲು ಉಕ್ಕಿಸಿದ್ದು ರಾಜಾಜಿನಗರದಲ್ಲಿ. ಮಗನ್ನ ತೊಟ್ಟಿಲಿಗೆ ಹಾಕಿದ್ದು ವಿಜಯನಗರದ ಮಹಡಿ ಮನೇಲಿ. ಎಲ್ಲೇ ಹೋಗ್ಲಿ, ಹೊಸ್ಲಿಗೆ ಅರಿಶಿನ ಹಚ್ಚೋಕೆ ಹೋದ್ರೆ, ಪೇಂಟು ಹಾಳಾಗುತ್ತೆ ಬೇಡ ಅನ್ನೋರು ಓನರಮ್ಮಂದಿರು."

ಮನೆಗಳ ಪಟ್ಟಿ ನನಗೆ ಗೊತ್ತಿತ್ತು. ಅರಿಶಿನದ ಮಾತು ಗೊತ್ತಿರಲಿಲ್ಲ. ಕಿಟಕಿಯಾಚೆ ಓಡುತ್ತಿದ್ದ ರಾಗಿ ಹೊಲಗಳ ಕಡೆ ತಿರುಗಿ, ಹಾಕುತ್ತಿದ್ದ ಲೆಕ್ಕವನ್ನು ಅಲ್ಲಿಗೇ ಬಿಟ್ಟೆ.

ನಿಮ್ಮ ಮನೆಯನ್ನೂ ಒಮ್ಮೆ ನೆನೆಸಿಕೊಂಡು ನೋಡಿ. ನಮ್ಮ ಯಜಮಾನರು "ನಮ್ಮನೇಲಿ ಚಿಕ್ಕವನಿದ್ದಾಗ" ಎಂದು ಶುರು ಮಾಡಿದರೆ ಸೀಬೆ ಮರ ಒಂದು ಮನೆಯದಿರುತ್ತದೆ, ಆ ಮರ ಕಾಣುವ ಕಿಟಕಿ ಇನ್ನೊಂದು ಮನೆಯದು, ಕಿಟಕಿಯಲ್ಲಿ ಕೂತು ತಿಂದ ಕೋಡುಬಳೆ ಮೂರನೆಯ ಮನೆಯ ಅಡುಗೆಮನೆಯದು. ಆದರೂ ಅವರ ಬಾಯಲ್ಲಿ ಅದೆಲ್ಲವೂ ಒಂದೇ ಮನೆ, ಒಂದೇ ಮಧ್ಯಾಹ್ನ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊತ್ತು ತಿರುಗಿದವರ ನೆನಪೂ ಹೀಗೆಯೇ ಅಲ್ಲಿಯದನ್ನು ಇಲ್ಲಿಗೆ ತಂದು, ಅಂಟು ಕಾಣದ ಹಾಗೆ ಜೋಡಿಸಿ, ಇರಲೊಂದು ಜಾಗ ಮಾಡಿಕೊಳ್ಳುತ್ತದೆಯೇನೋ. ಕೋಟೆಯ ಬಾಗಿಲನ್ನು ಅರಮನೆಯ ಹಜಾರಕ್ಕೆ ಅಂಟಿಸಿದವರನ್ನು ಮೋಸಗಾರರು ಎಂದು ಬಸ್ಸಿನಲ್ಲಿ ಕೆಲವರು ಗೊಣಗುತ್ತಿದ್ದರು. ನನಗೆ ಹಾಗೆನ್ನಲು ಬಾಯಿ ಬರಲಿಲ್ಲ. ಅತ್ತೆ ಇಡೀ ಆಯುಷ್ಯ ಒಂದು ಕಾಲನ್ನು ಇಟ್ಟು ಇನ್ನೊಂದನ್ನು ಇಡಲು ಜಾಗ ಹುಡುಕಿದವರು. ಕೊನೆಗೆ ಅದು ಸಿಕ್ಕಿದ್ದು ಆ ತೇಗದ ಹೊಸ್ತಿಲಿನ ಈಚೆಗೆ.

ಅರಮನೆಯಲ್ಲಿ ಹೊಸ್ತಿಲೇ ಇರಲಿಲ್ಲ. ನುಣುಪಾದ ಬಿಳಿ ಕಲ್ಲಿನ ನೆಲ ಅಂಗಳದಿಂದ ಹಜಾರದವರೆಗೂ ಒಂದೇ ಮಟ್ಟ. ಸಾಲುಕಂಬಗಳನ್ನೂ ಬಣ್ಣದ ಗಾಜುಗಳನ್ನೂ ಕಂಡು ಹೆಂಗಸರು ಮಕ್ಕಳಾಗಿಬಿಟ್ಟರು. ಸಿಂಹಾಸನವಿದ್ದ ಜಾಗದಲ್ಲಿ ಸರದಿ ಹಿಡಿದು ಫೋಟೋ ಆದವು, ಮೈದುನರ ಕುತಂತ್ರಗಳೆಲ್ಲ ಮತ್ತೊಮ್ಮೆ ನಡೆದವು, ರಾಣಿ ಸಿಗದ್ದರಿಂದ ಚಕ್ಕುಲಿ ಕಾವಲುಗಾರನ ಪಾಲಾಯಿತು. ಅತ್ತೆ ಹಜಾರದ ಅಂಚಿಗೆ ಬಂದು, ಎಡಗಾಲನ್ನು ಎಲ್ಲರೂ ನೋಡುವಂತೆ ಮುಂದಿಟ್ಟು, "ಈಗ ಒಳಗೆ ಬಂದೆ ನೋಡಿ," ಎಂದರು. ಮತ್ತೆ ಚಪ್ಪಾಳೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಲೆಕ್ಕ ಸರಿಯಾಯ್ತಾ, ಮೇಡಮ್ಮು?"

ಆಗಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನೀವೂ ಒಪ್ಪುತ್ತೀರಿ, ಲೆಕ್ಕ ಸರಿಯಾಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಅದಕ್ಕೇ ಕೇಳಿದ್ದು.

ವಾಪಸು ಬರುವಾಗ ಇನ್ನೊಂದು ಮಜಾ ಆಯಿತು. ರಾಣಿಯ ತಮ್ಮನನ್ನು ತಿಂಗಳುಗಟ್ಟಲೆ ಕೂಡಿಹಾಕಿದ್ದ ಪಾತಾಳದ ಸೆರೆಮನೆಯನ್ನು ಕಡೆಯದಾಗಿ ತೋರಿಸುತ್ತೇನೆಂದ ಕಾವ್ಯ ಬಸ್ಸು ನಿಲ್ಲಿಸಿದ್ದು ಕೆಂಗೇರಿಯ ಹತ್ತಿರ, ಒಂದು ತಗಡಿನ ಗೋಡೌನಿನ ಮುಂದೆ. "ಅಯ್ಯೋ, ಇಲ್ಲಿದ್ನಾ ಅವನು? ನನ್ನ ನಾದಿನಿ ಮನೆ ಪಕ್ಕದ ರಸ್ತೇಲೇ ಇದೆ. ಮೊದ್ಲೇ ಗೊತ್ತಿದ್ರೆ ಒಂದು ಡಬ್ಬಿ ಊಟ ಕಳಿಸ್ತಿದ್ನಲ್ಲ," ಎಂದರು ಲಲಿತಮ್ಮ. ನಕ್ಕು ನಕ್ಕು ಎಲ್ಲರಿಗೂ ಹೊಟ್ಟೆ ಹಿಡಿದುಕೊಳ್ಳುವಂತಾಯಿತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ನಾನು ಮೊದಲು ಒಳಗೆ ಹೋಗಿ ಲೈಟು ಹಾಕಿ ತಿರುಗಿ ನೋಡಿದರೆ, ಅತ್ತೆ ತಮ್ಮ ಹೊಸ್ತಿಲಿನ ಮುಂದೆ ನಿಂತಿದ್ದಾರೆ. ದಿನವೆಲ್ಲ ಓಡಾಡಿ ಮುಖ ಬಾಡಿತ್ತು. ಬಲಗಾಲು ಒಳಗೆ ಬಂತು. ಎಡಗಾಲು ನಿಂತಿತು. ಬಲಗೈ ತಾನಾಗಿ ಮೇಲೆದ್ದು ಬಾಗಿಲ ಚೌಕಟ್ಟಿನ ಮೇಲೆ ಏನನ್ನೋ ಹುಡುಕಿತು. ಪಾಲಿಶ್ ಮಾಡಿದ ಮರದ ಮೇಲೆ ಹಿಡಿತ ಸಿಗದೆ ಜಾರಿತು, ಮತ್ತೆ ಹುಡುಕಿತು. ಅದು ಏನನ್ನು ಹುಡುಕುತ್ತಿದೆ ಎಂದು ಈ ಲೋಕದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮುಂದೆ ಹೋಗಿ ಹಿಡಿದರೆ ಕೊಡವಿಕೊಳ್ಳುತ್ತಾರೆ. ಆದ್ದರಿಂದ ನಾನು ಚೌಕಟ್ಟಿಗೆ ಒರಗಿ ನಿಂತು, ಕೈಯನ್ನು ಆ ಬಳೆ ಇದ್ದ ಎತ್ತರಕ್ಕೆ ಚಾಚಿ, ಬೀದಿಯ ಕಡೆಗೆ ನೋಡತೊಡಗಿದೆ.

ಅವರ ಬೆರಳು ನನ್ನ ಮಣಿಕಟ್ಟನ್ನು ಸುತ್ತಿಕೊಂಡವು. ಅದೇ ಬಿಗಿ. ಎಡಗಾಲು ನಿಧಾನವಾಗಿ ಎದ್ದಿತು, ಅರಿಶಿನದ ಮೇಲೆ ಹಾದಿತು, ಒಳಗಿನ ನೆಲ ಮುಟ್ಟಿತು. ಅತ್ತೆ ಉಸಿರು ಬಿಟ್ಟರು. ಕೈ ಬಿಡಲಿಲ್ಲ.

"ನೀನು ಹಿಡಿದೆಯಲ್ಲ," ಎಂದರು ತಗ್ಗಿದ ದನಿಯಲ್ಲಿ. "ಹಿಡೀಬಾರ್ದು ಅಂತ ತಾನೇ ಮಾತಾಗಿದ್ದು."

"ನಾನೆಲ್ಲಿ ಹಿಡಿದೆ ಅತ್ತೆ? ನೀವು ಹಿಡ್ಕೊಂಡ್ರಿ."

ಸೋಮವಾರ ಆಚಾರಿ ಉಳಿ ಸುತ್ತಿಗೆಯೊಂದಿಗೆ ಹೇಳಿದ ಹೊತ್ತಿಗೆ ಬಂದ. ಹೊಸ್ತಿಲನ್ನು ಮುಟ್ಟದೆ, ಚೌಕಟ್ಟಿಗೆ ಒಂದು ದಪ್ಪ ಹಿತ್ತಾಳೆಯ ಬಳೆ ಜಡಿದು, ಜಗ್ಗಿ ನೋಡಿ, ಆನೆ ಕಟ್ಟಿದರೂ ಅಲ್ಲಾಡಲ್ಲ ಎಂದು ಹೋದ. ಶುಕ್ರವಾರ ಹೊಸ್ತಿಲಿಗೆ ಅರಿಶಿನ ಬಿದ್ದಾಗ ಬಳೆಗೂ ಒಂದು ಕುಂಕುಮದ ಬೊಟ್ಟು ಬಿತ್ತು. ನನ್ನ ಕಾಫಿಗೆ ಸಕ್ಕರೆ ಬಿದ್ದು ಬಾಯಿ ಸಿಹಿಯಾಯಿತು. ಬೆಳಗ್ಗೆ ಶಾಲೆಗೆ ಹೊರಡುವಾಗ, ಎರಡೂ ಮಂಡಿ ನೆಟ್ಟಗಿದ್ದರೂ, ನಾನೂ ಅದನ್ನೊಮ್ಮೆ ಹಿಡಿದೇ ಹೊಸ್ತಿಲು ದಾಟುತ್ತೇನೆ.

ಸಂಜೆ ಎಂದಿನಂತೆ ಗಂಟೆ ಬಾರಿಸುತ್ತದೆ, ರಾಣಿ ಬಲಗಾಲೆತ್ತಿ ಕೋಟೆಯ ಹೊಸ್ತಿಲು ದಾಟಿ ಬೇರೆ ಊರಿನ ಅರಮನೆಗೆ ಬಂದು ನಿಲ್ಲುತ್ತಾಳೆ. ಅತ್ತೆ ಸೋಫಾದಿಂದೆದ್ದು ಹೆಜ್ಜೆ ಹಾಕುತ್ತ ಅವಳನ್ನೇ ನೋಡಿ ಲೊಚಗುಟ್ಟುತ್ತಾರೆ: "ಪಕ್ಕದಲ್ಲೇ ಬಳೆ ಇದೆ. ಹಿಡ್ಕೋ ಅನ್ನೋರು ಯಾರೂ ಇಲ್ಲ, ಪಾಪ, ಅವಳಿಗೆ."