ಕೆಂಪಿ ಬರುವ ಬಸ್ಸು

ಟಿ.ವಿ.ಯಲ್ಲಿ ಬರುವ ಮಾತು ಅರ್ಥವಾಗದೆ, ಪಕ್ಕದಲ್ಲಿ ಕೂತವರು ನಕ್ಕರೆ ನಾವೂ ನಗುತ್ತಿದ್ದ ಕಾಲ ಅದು. ಚಳ್ಳಕೆರೆಯ ನಮ್ಮ ಬಾಡಿಗೆ ಮನೆಯಲ್ಲಿ ಟಿ.ವಿ. ಇರಲಿಲ್ಲ. ಬೇಸಿಗೆ ರಜೆ ಬಂತೆಂದರೆ ಅವ್ವ ನನ್ನನ್ನು ರಾಂಪುರದ ತನ್ನ ತವರಿನಲ್ಲಿ ಬಿಟ್ಟು ಮರುದಿನವೇ ಹಿಂದಿರುಗುತ್ತಿದ್ದಳು. ಅಲ್ಲಿ ಅಜ್ಜಿ, ಮಾವ, ನನಗಿಂತ ಸ್ವಲ್ಪ ದೊಡ್ಡವನಾದ ಮಾವನ ಮಗ ತಿಪ್ಪೇಶ ಇದ್ದರು, ಜೊತೆಗೆ ಒಂದು ಟಿ.ವಿ. ಇತ್ತು. ಆದರೆ ಕೇಬಲ್‌ನಲ್ಲಿ ಬರುವ ಕಾರ್ಟೂನುಗಳೆಲ್ಲ ತೆಲುಗು. ಆಂಧ್ರದ ಗಡಿ ಹತ್ತಿರವಾದ್ದರಿಂದ ರಾಂಪುರದವರಿಗೆ ಎರಡೂ ಭಾಷೆ ಬರುತ್ತಿತ್ತು. ನನಗೆ ಒಂದೇ. ಹಾಗಾಗಿ ತಿಪ್ಪೇಶ ಹೇಳಿದ್ದೇ ಕಥೆ. ಅದಕ್ಕೆ ಬದಲಾಗಿ ಅವನ ಪಾಲಿನ ನೀರನ್ನೂ ನಾನೇ ಹೊರಬೇಕಿತ್ತು.

ನಮ್ಮಿಬ್ಬರಿಗೂ ಇಷ್ಟವಾದದ್ದು ಜಪಾನಿನವರು ಮಾಡಿದ ಒಂದು ಕಾರ್ಟೂನು. ಕೆಮ್ಮುತ್ತಾ ಹಾರುವ ಹಳೆಯ ಆಕಾಶನೌಕೆ, ಅದರಲ್ಲಿ ಸದಾ ಜಗಳವಾಡುವ ನಾಲ್ಕಾರು ಜನ, ಹೊಟ್ಟೆ ಬಿಟ್ಟ ಕ್ಯಾಪ್ಟನ್ನು, ಅವರೆಲ್ಲರ ಮುದ್ದಿನ ಒಂದು ಜೋಲುಕಿವಿಯ ಪ್ರಾಣಿ. ಒಂದು ದಿನದ ಕಥೆಯಲ್ಲಿ ಕ್ಯಾಪ್ಟನ್ನು ನೋಡದೆ ಕುರ್ಚಿಯ ಮೇಲೆ ಕೂತ. ಆ ಪ್ರಾಣಿ ಅಲ್ಲೇ ಮಲಗಿತ್ತು. ಎಲ್ಲರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಾ ‘ಚಂಪೇಶಾರು, ಚಂಪೇಶಾರು’ ಎಂದು ಕೂಗಾಡಿದರು. ಆಮೇಲೆ ಅದನ್ನು ಬಿಳಿ ಪೆಟ್ಟಿಗೆಯಲ್ಲಿಟ್ಟು, ಅಳುತ್ತಾ ಹಾಡಿ, ಕಿಟಕಿಯಿಂದ ನಕ್ಷತ್ರಗಳ ಕಡೆ ತಳ್ಳಿದರು. ಪೆಟ್ಟಿಗೆ ದೂರ ಹೋಗಲಿಲ್ಲ. ನೌಕೆಯನ್ನೇ ಸುತ್ತಿಬಂದು ಕಿಟಕಿಗೆ ಟಕ್ ಎಂದು ಬಡಿಯಿತು. ಬಡಿದಾಗಲೆಲ್ಲ ಕ್ಯಾಪ್ಟನ್ನು ಮೇಜಿನ ಕೆಳಗೆ ತೂರಿಕೊಳ್ಳುತ್ತಿದ್ದ. ತಿಪ್ಪೇಶ ನೆಲದ ಮೇಲೆ ಹೊರಳಾಡಿ ನಕ್ಕ.

ನನಗೆ ಅಳು ಬಂತು. ಅದರ ಕಿವಿ ನಮ್ಮ ಕೆಂಪಿಯ ಕಿವಿಯ ಹಾಗೇ ಇತ್ತು. ಕೆಂಪಿ ನಾನು ಸಾಕಿದ ನಾಯಿ. ಅಪ್ಪ ಶೇಂಗಾ ಎಣ್ಣೆ ಗಿರಣಿಯಿಂದ ಬಂದ ಕೂಡಲೇ ಅವನ ಪ್ಯಾಂಟಿನ ಎಣ್ಣೆ ಜಿಡ್ಡು ನೆಕ್ಕುತ್ತಿತ್ತು. ನಾನು ರಾಂಪುರಕ್ಕೆ ಹೊರಟಾಗ ಅಪ್ಪ ಅದರ ತಲೆ ಮೇಲೆ ಕೈಯಿಟ್ಟು, ನೀನು ಬರೋಗಂಟ ನಾನು ನೋಡ್ಕಂತೀನಿ ಅಂದಿದ್ದ.

‘ಅಳಬ್ಯಾಡ,’ ಅಂದ ತಿಪ್ಪೇಶ, ಒಳಗಿದ್ದ ಅಜ್ಜಿಯ ಕಡೆ ನೋಡುತ್ತಾ. ‘ಅದು ಸತ್ತಿಲ್ಲ. ಚಂಪೇಶಾರು ಅಂದ್ರೆ ಕಳಿಸ್ಬಿಟ್ರು ಅಂತ. ಬ್ಯಾರೆ ಗ್ರಹಕ್ಕೆ ಕಳಿಸ್ಯಾರೆ.’

ಪೆಟ್ಟಿಗೆ ಹೊರಟದ್ದನ್ನು ನಾನೇ ನೋಡಿದ್ದೆ. ನಂಬಿದೆ.

ಮರುದಿನದಿಂದ ಅದೇ ಆಟ. ಮಾವನ ಟ್ರ್ಯಾಕ್ಟರಿನ ಟ್ರೈಲರು ಆಕಾಶನೌಕೆ. ತಿಪ್ಪೇಶ ಯಾವಾಗಲೂ ಕ್ಯಾಪ್ಟನ್ನು, ನಾನು ಯಾವಾಗಲೂ ಪ್ರಾಣಿ. ನನ್ನನ್ನು ಗೋಣಿಚೀಲದಲ್ಲಿ ತುಂಬಿ, ಓಣಿಯ ಹುಡುಗರೆಲ್ಲ ಸೇರಿ ‘ಚಂಪೇಶಾರು’ ಎಂದು ಕೂಗಿ, ಕೆಳಗಿನ ಶೇಂಗಾ ಹೊಟ್ಟಿನ ಗುಡ್ಡೆಯ ಮೇಲೆ ನೂಕುತ್ತಿದ್ದರು. ಹೊಟ್ಟು ಬೆಚ್ಚಗಿರುತ್ತಿತ್ತು, ಮೈಯೆಲ್ಲ ತುರಿಕೆ, ಮೂಗಿನ ತುಂಬ ಹುರಿದ ವಾಸನೆ. ಬೀಳುವ ಮೊದಲಿನ ಆ ಒಂದು ಕ್ಷಣಕ್ಕಾಗಿ ನಾನು ಮತ್ತೆ ಮತ್ತೆ ಚೀಲದೊಳಗೆ ಹೋಗುತ್ತಿದ್ದೆ. ನಾನು ಕಲಿತ ಮೊದಲ ತೆಲುಗು ಮಾತು ಆ ‘ಚಂಪೇಶಾರು’.

ಒಂದು ಮಧ್ಯಾಹ್ನ ಮಂಡಕ್ಕಿ ಒಗ್ಗರಣೆ ತಿನ್ನುತ್ತಾ ಕೂತಿದ್ದೆವು. ಮಾವನಿಗೆ ಫೋನು ಬಂತು. ಅವನು ಎದ್ದು ಜಗುಲಿಗೆ ಹೋಗಿ, ನಮ್ಮಪ್ಪನ ಹತ್ತಿರ ಕನ್ನಡದಲ್ಲೇ ಹೂಂ ಹೂಂ ಎಂದು ಮಾತಾಡಿ, ಒಳಗೆ ಬಂದು ಅಜ್ಜಿಗೆ ತಗ್ಗಿದ ದನಿಯಲ್ಲಿ ತೆಲುಗಿನಲ್ಲಿ ಹೇಳಿದ. ನನ್ನಿಂದ ಏನಾದರೂ ಮುಚ್ಚಿಡಬೇಕಾದರೆ ಆ ಮನೆಯಲ್ಲಿ ತೆಲುಗೇ ಬಾಗಿಲು.

‘ಕುಕ್ಕನಿ ಚಂಪೇಶಾರಂಟ.’

ಕುಕ್ಕ ಎಂದರೆ ನಾಯಿ ಎಂದು ಗೊತ್ತಿತ್ತು. ಇನ್ನೊಂದು ಮಾತಂತೂ ಬಾಯಿಪಾಠ. ನಾನು ತಟ್ಟೆ ಬಿಟ್ಟು ಎದ್ದೆ. ‘ಕೆಂಪಿನ ಚಂಪೇಶಾರಾ ಮಾವ? ಯಾವ ಬಸ್ಸಿಗೆ?’

ಅಜ್ಜಿಯ ಕೈ ಮಂಡಕ್ಕಿಯಲ್ಲೇ ನಿಂತಿತು. ಮಾವ ತಿಪ್ಪೇಶನನ್ನು ನೋಡಿದ. ತಿಪ್ಪೇಶ ಮೆಣಸಿನಕಾಯಿ ಆರಿಸತೊಡಗಿದ.

‘ಸಂಜೆ ಬಸ್ಸಿಗೆ,’ ಅಂದ ಮಾವ. ಅವನ ಮೀಸೆಯ ಕೆಳಗೆ ನಗು ಇತ್ತು.

ಕೆಂಪಿಗೆಂದು ಒಂದು ಅಲ್ಯೂಮಿನಿಯಂ ಬೋಗುಣಿ ತೊಳೆಯಲು ನಾನು ಹಿತ್ತಲಿಗೆ ಓಡಿದೆ. ಆಗ ಅಜ್ಜಿ, ಎರಡು ದಿನ ಕಾದು ತಾನೇ ಮರೀತಾಳೆ ಬಿಡು, ಅಂದಳಂತೆ. ಇದನ್ನು ತಿಪ್ಪೇಶ ದೊಡ್ಡವನಾದ ಮೇಲೆ ನನಗೆ ಹೇಳಿದ.

ಬಸ್ಸು ನಿಲ್ಲುವಲ್ಲಿ ಒಂದು ಚಹಾ ಅಂಗಡಿ. ಬೆಂಚಿನ ಮೇಲಿದ್ದವರು ಯಾರಿಗೆ ಕಾಯ್ತಿದ್ದೀಯವ್ವ ಎಂದು ಕೇಳಿದರು. ನಾನು ಹೆಮ್ಮೆಯಿಂದ ತೆಲುಗಿನಲ್ಲೇ ಹೇಳಿದೆ: ‘ಮಾ ಕುಕ್ಕನಿ ಚಂಪೇಶಾರು.’

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸ್ಸಿನಲ್ಲಿ ಬರ್ತೈತೆ ಎಂದು ನಾನು ಸೇರಿಸಿದ ಮೇಲೆ ನಗತೊಡಗಿದರು. ಒಬ್ಬ ಬೇಯಿಸಿದ ಶೇಂಗಾ ಕೊಟ್ಟು ಇನ್ನೊಂದ್ಸಲ ಹೇಳು ಅಂದ. ಇನ್ನೊಬ್ಬ ಪಕ್ಕದ ಸೈಕಲ್ ಅಂಗಡಿಯವನನ್ನು ನನ್ನ ಮಾತು ಕೇಳಲಿಕ್ಕೆಂದೇ ಕರೆತಂದ.

‘ಚಂಪೇಶಾರಾ? ಟಿಕೆಟ್ಟು ತಗಂಡೈತೇನವ್ವ ಮತ್ತೆ?’

‘ನಾಯಿಗೆ ಅರ್ಧ ಟಿಕೆಟ್ಟು,’ ಅಂದೆ. ಅವರ ಜೊತೆ ನಾನೂ ನಕ್ಕೆ. ರಾಂಪುರದಲ್ಲಿ ಆ ಮಾತಿನ ಅರ್ಥ ಗೊತ್ತಿಲ್ಲದವಳು ನಾನೊಬ್ಬಳೇ. ತಿಪ್ಪೇಶ ದೂರದಲ್ಲಿ ಬೇವಿನ ಮರದ ತೊಗಟೆ ಕೀಳುತ್ತಾ ನಿಂತಿದ್ದ. ನಡಿ ಮನಿಗೆ ಎಂದು ಬಂದು ಕೈ ಎಳೆದ. ಕೊಡವಿಕೊಂಡೆ.

ಅಂದು ಕೆಂಪಿ ಬರಲಿಲ್ಲ. ಮರುದಿನವೂ ಹೋದೆ. ಬೆಂಚಿನ ಮೇಲೆ ನಿನ್ನೆಗಿಂತ ಹೆಚ್ಚು ಜನ ಇದ್ದರು. ಚಳ್ಳಕೆರೆ ಕಡೆಯ ಬಸ್ಸು ಬಂದಾಗ ನಾನೇ ಹತ್ತಿ ಸೀಟುಗಳ ಕೆಳಗೆ ಬಗ್ಗಿ ನೋಡಿದೆ. ಕಂಡಕ್ಟರು ಏನು ಹುಡುಕ್ತಿದ್ದೀ ಎಂದು ಕೇಳಿದರು. ನಮ್ಮ ನಾಯಿ, ನಮ್ಮಪ್ಪ ಚಂಪೇಶಾರು, ಅಂದೆ.

ಅವರು ನಗಲಿಲ್ಲ. ಪಾಠ ಒಪ್ಪಿಸುವ ಮಗುವನ್ನು ತಿದ್ದುವ ಹಾಗೆ ನಿಧಾನವಾಗಿ ಹೇಳಿದರು. ‘ಪಂಪೇಶಾರು ಅನ್ನಮ್ಮ. ಪಂಪೇಶಾರು ಅಂದ್ರೆ ಕಳಿಸಿದ್ರು. ಚಂಪೇಶಾರು ಅಂದ್ರೆ ಸಾಯಿಸಿದ್ರು. ನಿಮ್ಮ ಮನ್ಯಾಗೆ ಯಾವುದು ಅಂದ್ರು?’

ನನ್ನ ಕಿವಿಗೆ ಅನುಮಾನವೇ ಇರಲಿಲ್ಲ. ಇಳಿದೆ. ಸೀಟಿ ಊದಿದರು, ಬಸ್ಸು ಬಳ್ಳಾರಿ ಕಡೆ ಹೋಯಿತು. ಬೆಂಚಿನಿಂದ ಯಾರೋ ಬಂತೇನವ್ವ ಎಂದು ಕೇಳಿದರು.

ಮನೆಯ ದಾರಿಯಲ್ಲಿ ಎದುರಾದ ತಿಪ್ಪೇಶನನ್ನು ಕೇಳಿದೆ, ಯಾಕೆ ಹಂಗೆ ಹೇಳಿದೆ ಅಂತ.

‘ನೀನು ಅತ್ತಿದ್ರೆ ಅಜ್ಜಿ ಟಿ.ವಿ. ಆರಿಸ್ತಿದ್ಲು,’ ಅಂದ. ಅದು ನಿಜ.

ರಜೆ ಮುಗಿದು ಚಳ್ಳಕೆರೆಗೆ ಬಂದಾಗ ಅಪ್ಪ, ಕೆಂಪಿ ಎಲ್ಲೋ ತಪ್ಪಿಸಿಕೊಂಡು ಹೋಯಿತು, ಹುಡುಕಿದೆ, ಸಿಗಲಿಲ್ಲ, ಅಂದ. ನಾನು ತಲೆಯಾಡಿಸಿದೆ. ಮನೆ ಮಾಲೀಕರ ಮೊಮ್ಮಗ ಅದೇ ಸಂಜೆ ತನ್ನ ಮಣಿಕಟ್ಟಿನ ಮೇಲಿನ ಹಲ್ಲಿನ ಗುರುತು ತೋರಿಸಿದ. ಕೆಂಪಿ ಅವನನ್ನು ಕಚ್ಚಿತ್ತು. ಓಣಿಯ ಗಂಡಸರು ದೊಣ್ಣೆ ಹಿಡಿದರೂ ಅದು ಯಾರ ಕೈಗೂ ಸಿಗಲಿಲ್ಲವಂತೆ.

‘ಕಡೀಗೆ ನಿಮ್ಮಪ್ಪನೇ ಹಗ್ಗ ಹಾಕಿದ್ದು,’ ಅಂದ. ‘ಅವ್ರು ಕರೆದ್ರು. ಬಾಲ ಅಲ್ಲಾಡಿಸ್ಕಂಡು ಬಂತು.’

ಈಗ ಕಾರ್ಟೂನುಗಳೆಲ್ಲ ಕನ್ನಡದಲ್ಲೇ ಮಾತಾಡುತ್ತವೆ. ಮಕ್ಕಳಿಗೆ ಮತ್ತೊಬ್ಬರು ಅರ್ಥ ಹೇಳಬೇಕಿಲ್ಲ. ನಾನೂ ಆ ಬೇಸಿಗೆಯ ನಂತರ ಹಟಕ್ಕೆ ಬಿದ್ದು ತೆಲುಗು ಕಲಿತೆ. ರಾಂಪುರಕ್ಕೆ ಹೋದರೆ ಹಿರಿಯರು ನನ್ನೆದುರು ಯಾವುದನ್ನೂ ಯಾವ ಭಾಷೆಯಲ್ಲೂ ಮುಚ್ಚಿಡಲಾರರು. ಅಂಥ ಮನೆಯಲ್ಲಿ ಕೂತು ಊಟ ಮಾಡುವುದು ಅಷ್ಟೇನೂ ಸುಖವಲ್ಲ. ಯಾರಾದರೂ ಸುಳ್ಳು ಹೇಳಿದರೆ ಅದನ್ನು ನಂಬಿ, ಬೋಗುಣಿ ತೊಳೆಯಲು ಓಡುವ ಹುಡುಗಿ ಮತ್ತೆ ನನ್ನೊಳಗೆ ಹುಟ್ಟಲಿಲ್ಲ.

ನನಗೆ ಎಲ್ಲ ಗೊತ್ತಿದೆ ಎಂಬುದು ಅಪ್ಪನಿಗೆ ಗೊತ್ತಿಲ್ಲ. ಹೊಸ್ತಿಲ ಮೇಲೆ ಕೂತಾಗ ಓಣಿಯಲ್ಲಿ ಕೆಂಚು ನಾಯಿ ಹೋದರೆ, ನಮ್ಮ ಕೆಂಪಿ ಹಿಂಗೇ ಇತ್ತು, ಎಲ್ಲಿ ಹೋಯಿತೋ, ಅನ್ನುತ್ತಾನೆ. ನಾನು ಪ್ರತಿ ಸಲವೂ ಯಾವ ಕಡೆ ಹೋಯ್ತಪ್ಪ ಎಂದು ಕೇಳುತ್ತೇನೆ. ಕೇಳದೆ ಇರಬಹುದು, ಆದರೆ ಕೇಳುತ್ತೇನೆ. ಒಮ್ಮೆ ರೈಲ್ವೆ ಸ್ಟೇಷನ್ ಕಡೆ ಅಂದಿದ್ದ. ಕಳೆದ ತಿಂಗಳು, ಊರಾಚೆ ದನ ಮೇಯೋ ಕಾವಲಿನ ಕಡೆ, ಅಂದ.

‘ಭಾಳ ದೂರ ಹೋಗಿತ್ತಾ?’ ಎಂದು ಕೇಳಿದೆ.

‘ಇಲ್ಲ,’ ಅಂದ ಅಪ್ಪ. ‘ನಾನು ಕರೆದ್ರೆ ಬರ್ತಿತ್ತು.’